ಲಕ್ಷಕ್ಕೆ ಬೇಕಾದ ತಲೆಗಳು

ಹಾಲ್‌ಸ್ಟನ್ ನಗರಕ್ಕೆ ತಲೆಗಳು ಕಡಿಮೆ ಬಿದ್ದವು.

ಬೇರೆ ಯಾವುದಕ್ಕೂ ಕಡಿಮೆ ಇರಲಿಲ್ಲ. ಡಾಲಸ್ ಉಬ್ಬಿ ಉಬ್ಬಿ ಉತ್ತರಕ್ಕೆ ಚಾಚಿಕೊಂಡ ಹಾಗೆ, ಹತ್ತಿ ಬೆಳೆಯುತ್ತಿದ್ದ ಕರಿಮಣ್ಣಿನ ಮೇಲೆ ಮನೆಗಳೆದ್ದಿದ್ದವು. ಮನೆ ಮನೆಗೂ ಮೂರು ಮೂರು ಕಾರು ನಿಂತಿದ್ದವು. ನಾಯಿಗೆ ಸ್ನಾನ ಮಾಡಿಸುವುದಕ್ಕೇ ಬೀದಿಗೊಂದು ಅಂಗಡಿ ತೆರೆದಿತ್ತು. ಆದರೂ ಜನಸಂಖ್ಯೆ ಒಂದು ಲಕ್ಷ ಮುಟ್ಟಲಿಲ್ಲ. ನೂರ ಮೂವತ್ತು ಜನ ಕಡಿಮೆ. ಹೆದ್ದಾರಿಯಾಚೆಯ ಪೈನ್‌ಬರ್ಗ್ ಹೋದ ವರ್ಷವೇ ಲಕ್ಷ ದಾಟಿ, ಬಾಣಬಿರುಸು ಹಾರಿಸಿ, ಊರ ಬಾಗಿಲಲ್ಲಿ ಹಸಿರು ಬೋರ್ಡು ನೆಟ್ಟು ಮೆರೆಯುತ್ತಿತ್ತು. ಲಕ್ಷ ದಾಟಿದ ಊರಿನಲ್ಲಿ ಮಾತ್ರ ಕ್ರೀಡಾಂಗಣ ಕಟ್ಟುತ್ತೇವೆಂದು ಒಂದು ಕಂಪನಿ ಬೇರೆ ಹೇಳಿತ್ತು. ಅಂದಿನಿಂದ ಮೇಯರ್ ಕೆಂಡಲ್ ಪ್ರೂಯಿಟ್‌ಗೆ ಊಟ ಸೇರುತ್ತಿರಲಿಲ್ಲ. ಬಸುರಿಯರನ್ನು ಕಂಡರೆ ರಸ್ತೆಯಲ್ಲೇ ನಿಲ್ಲಿಸಿ ಕೈಕುಲುಕುತ್ತಿದ್ದ. ಊರಿನಲ್ಲಿ ಯಾರಾದರೂ ಸತ್ತರೆ ಪಾಪ, ಅವನಿಗೆ ನಿಜವಾಗಿಯೂ ದುಃಖವಾಗುತ್ತಿತ್ತು.

ಆಗ ಅವನ ಕಚೇರಿಯ ಬ್ರಿನ್ ಎಂಬ ಹೆಣ್ಣುಮಗಳು ನಗರದ ನಕ್ಷೆ ಬಿಡಿಸಿ ಒಂದು ಕಡೆ ಬೆರಳಿಟ್ಟಳು. ನಗರದ ನಟ್ಟನಡುವೆ ಒಂದು ತೂತು. ಉದ್ದಿನ ವಡೆಗೆ ಇರುವ ಹಾಗೆ. ಆ ತೂತಿನ ಹೆಸರು ಮರ್ಸಿ ಬೆಂಡ್.

ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಹೊಟ್ಟೆಬಟ್ಟೆ ಕಟ್ಟಿ, ಯಾರಿಗೂ ಬೇಡವಾದ ಹಳ್ಳದ ದಂಡೆಯ ನೆಲ ಕೊಂಡು ಕೂತ ಊರು ಅದು. ಒಂದು ಬ್ಯಾಪ್ಟಿಸ್ಟ್ ಚರ್ಚು, ಒಂದು ಸ್ಮಶಾನ, ಮೂವತ್ತು ನಲವತ್ತು ಮನೆ, ನೂರ ನಲವತ್ತು ಜನ. ನಗರ ಬೆಳೆಯುತ್ತಾ ಬಂತು. ದನದ ಹುಲ್ಲುಗಾವಲು ನುಂಗಿತು. ಗಾಲ್ಫ್ ಮೈದಾನ ನುಂಗಿತು. ಕಸ ಸುರಿಯುವ ಗುಡ್ಡವನ್ನೂ ಬಿಡದೆ ನುಂಗಿತು. ಮರ್ಸಿ ಬೆಂಡಿನ ಹತ್ತಿರ ಬಂದಾಗ ಮಾತ್ರ ಎಂಜಲೆಲೆ ದಾಟುವವರ ಹಾಗೆ ಕಾಲೆತ್ತಿ ಆಚೆ ಹೋಯಿತು. ನಾಲ್ಕೂ ಕಡೆ ನಗರ, ನಡುವೆ ಇವರು. ಇವರಿಗೆ ನಗರದ ಬೀದಿದೀಪವಿಲ್ಲ, ನಗರದ ಪೊಲೀಸಿಲ್ಲ, ನಗರದ ನೀರಿಲ್ಲ. ಕಸದ ಗುಡ್ಡದ ವಾಸನೆ ಮಾತ್ರ ಪುಕ್ಕಟೆ ಬರುತ್ತಿತ್ತು.

ಮೊದಲು ಬಾವಿಗಳಿದ್ದವು. ಗಾಲ್ಫ್ ಮೈದಾನದವರು ಪಾತಾಳಕ್ಕೆ ಕೊಳವೆ ಇಳಿಸಿ ಹುಲ್ಲಿಗೆ ನೀರು ಕುಡಿಸತೊಡಗಿದ ಮೇಲೆ ಬಾವಿಗಳು ಒಂದೊಂದಾಗಿ ಬತ್ತಿದವು. ಆಮೇಲೆ ಪೈಪು ಬಂತು. ಹೆರಿಟೇಜ್ ಮೆಡೋಸ್ ಎಂಬ ಹೊಸ ಬಡಾವಣೆಗೆ ನೀರು ಒಯ್ಯುವ ದಪ್ಪನೆಯ ನೀಲಿ ಪೈಪು. ಸುತ್ತಿ ಹೋದರೆ ಖರ್ಚು ಹೆಚ್ಚೆಂದು ಅದನ್ನು ಮರ್ಸಿ ಬೆಂಡಿನ ಚರ್ಚಿನ ಅಂಗಳದಲ್ಲೇ ಹೂತುಕೊಂಡು ಹೋದರು. ಯಾರನ್ನೂ ಕೇಳಲಿಲ್ಲ. ತೂತನ್ನು ಯಾರು ಕೇಳುತ್ತಾರೆ? ಅಂಗಳದಲ್ಲಿ ಒಂದು ಕಂಬ ನೆಟ್ಟು ಬೋರ್ಡು ಹಾಕಿದರು: ‘ಎಚ್ಚರಿಕೆ. ನೀರಿನ ಪೈಪು ಇದೆ. ಅಗೆಯಬಾರದು.’ ಇಷ್ಟು ವರ್ಷದಲ್ಲಿ ನಗರ ಆ ಊರಿಗೆ ಕೊಟ್ಟ ಸೌಕರ್ಯವೆಂದರೆ ಅದೊಂದೇ ಬೋರ್ಡು.

ವರ್ಲೀನ್ ಟೇಟಮ್ ಆ ಬೋರ್ಡಿನ ಮುಂದೆಯೇ ನೀರಿನ ಗಾಡಿ ಓಡಿಸುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಹೆರಿಟೇಜ್ ಮೆಡೋಸ್‌ನ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ. ದಿನವಿಡೀ ಅಲ್ಲಿ ಬಿಸಿನೀರು ಭರ್ರೆಂದು ಸುರಿಯುವುದನ್ನು ನೋಡಿ, ಸಂಜೆ ಹಳೆಯ ಪಿಕಪ್ ಗಾಡಿಯ ಬೆನ್ನಿಗೆ ಪ್ಲಾಸ್ಟಿಕ್ ಟ್ಯಾಂಕು ಬಿಗಿದು, ನಾಣ್ಯ ಹಾಕಿದರೆ ನೀರು ಬಿಡುವ ಯಂತ್ರದ ಮುಂದೆ ಸರದಿ ನಿಲ್ಲುತ್ತಿದ್ದಳು. ಟ್ಯಾಂಕಿನಿಂದ ಮನೆಗೆ ಕ್ಯಾನಿನಲ್ಲಿ ಹೊರಬೇಕು. ಎರಡೂ ಕೈಗೂ ಒಂದೊಂದು. ಹೆಗಲ ಕೀಲು ಸವೆದು ರಾತ್ರಿ ಮಗ್ಗುಲು ಬದಲಿಸುವಾಗ ಕಟಕ್ಕೆನ್ನುತ್ತಿತ್ತು. ಬೇಸಿನ್ನಿನಲ್ಲಿ ಮುಖ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ನೆಲಕ್ಕೆ, ನೆಲ ಒರೆಸಿದ ನೀರು ಪಾಯಖಾನೆಗೆ.

ತೊಂಬತ್ತರ ಹತ್ತಿರದ ತಾಯಿ ಓಲಾ ಮೇಯ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಮುದುಕಿ ದಿನವೂ ಅದನ್ನೇ ಕೇಳುತ್ತಿದ್ದಳು. “ವರ್ಲೀನ್, ಒಂದ್ಸಲ ನೆತ್ತಿ ಮೇಲಿಂದ ಸುರೀಬಾರ್ದೇನೇ?”

“ಸುರೀತೀನಿ ಕಣಮ್ಮ. ನಲ್ಲಿ ಬರ್ಲಿ.”

“ನಿಮ್ಮಪ್ಪನೂ ಹಿಂಗೇ ಅಂದು ಅಂದು ಹೋದ.”

ವರ್ಲೀನಳಿಗೆ ಸಿಟ್ಟು ಬರುತ್ತಿತ್ತು. ತಾಯಿಯ ಮೇಲಲ್ಲ. ಅಂಗಳದ ಕೆಳಗೆ ಹಗಲೂ ರಾತ್ರಿ ಹರಿದುಹೋಗುವ ಆ ನೀರಿನ ಮೇಲೆ.

ಆಗಸ್ಟ್ ಬಂತು. ಆಗಸ್ಟ್‌ನ ಎರಡನೆಯ ಭಾನುವಾರ ಆ ಊರಲ್ಲಿ ಹುಟ್ಟಿದವರೆಲ್ಲ ಮರ್ಸಿ ಬೆಂಡಿನ ಚರ್ಚಿಗೆ ಹಿಂತಿರುಗುವ ದಿನ. ಹೊಟ್ಟೆಪಾಡಿಗೆಂದು ಡೆಟ್ರಾಯ್ಟಿಗೆ, ಓಕ್‌ಲೆಂಡಿಗೆ, ಶಿಕಾಗೋಗೆ ಚದುರಿಹೋದವರ ಮಕ್ಕಳು ಮೊಮ್ಮಕ್ಕಳು ವ್ಯಾನು, ಬಸ್ಸು ಮಾಡಿಕೊಂಡು ಬರುತ್ತಾರೆ. ಸ್ಮಶಾನದ ಹುಲ್ಲು ಕೀಳುತ್ತಾರೆ. ಹೆಂಗಸರು ದೊಡ್ಡ ದೊಡ್ಡ ಹ್ಯಾಟು ಹಾಕುತ್ತಾರೆ. ಗುಂಡಿಯ ಹೊಗೆಯಲ್ಲಿ ದನದ ಎದೆಮಾಂಸ ರಾತ್ರಿಯಿಡೀ ಬೇಯುತ್ತದೆ. ಮನೆಯೊಳಗೆ ಹಿಡಿಸದವರು ಅಂಗಳದಲ್ಲಿ ಡೇರೆ ಹಾಕಿ ಮಲಗುತ್ತಾರೆ. ಆ ವಾರ ನೀರು ಹೊತ್ತೂ ಹೊತ್ತೂ ವರ್ಲೀನಳ ಅಂಗೈಯ ಚರ್ಮ ಸುಲಿದಿತ್ತು. ಆದರೂ ಮುಖದಲ್ಲಿ ನಗುವಿತ್ತು. ನೆಂಟರು ಬಂದಿದ್ದಾರೆ, ನಗದೆ ಏನು ಮಾಡುವುದು?

ನಗರದ ತಲೆ ಎಣಿಸುವವರು ಬರುವುದಕ್ಕೆ ಬೇರೆ ದಿನ ಸಿಗಲಿಲ್ಲ. ಸರಿಯಾಗಿ ಅದೇ ಭಾನುವಾರ ಬಂದರು.

ಇಬ್ಬರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒತ್ತಿದರೆ ಟಿಕ್ಕೆನ್ನುವ ಯಂತ್ರ. ಮನೆ ಮನೆಗೆ ಹೋದರು. ಜಗುಲಿಯಲ್ಲಿ ಕೂತವರನ್ನು ಕಂಡು ಟಿಕ್. ಡೇರೆಯಲ್ಲಿ ಮಲಗಿದವರನ್ನು ಕಂಡು ಟಿಕ್ ಟಿಕ್. ವರ್ಲೀನಳ ಮನೆ ಮುಂದೆ ನಿಂತು, ಡೆಟ್ರಾಯ್ಟಿನಿಂದ ಬಂದಿದ್ದ ಅವಳ ಚಿಕ್ಕಪ್ಪನ ಮಗ ಹರ್ಷೆಲ್‌ನನ್ನು ಕೇಳಿದರು.

“ಈ ಮನೇಲಿ ಎಷ್ಟು ಜನ ಇದೀರಿ ಸರ್?”

ಹರ್ಷೆಲ್ ಮಾಂಸದ ಮೂಳೆ ಚೀಪುತ್ತಿದ್ದ. “ನಿನ್ನೆ ರಾತ್ರಿ ಎಣಿಸ್ದಾಗ ಮೂವತ್ತು. ಒಬ್ಬರ ಮೇಲೊಬ್ರು ಮಲಗಿದ್ವಿ. ಕೆಳಗಿರೋರು ಬದುಕಿದಾರೋ ಇಲ್ವೋ, ನೋಡ್ಬೇಕು.”

ಜಗುಲಿ ತುಂಬ ನಗು. ಅವರು ನಗಲಿಲ್ಲ. ಗಂಭೀರವಾಗಿ ಮೂವತ್ತು ಸಲ ಟಿಕ್ ಒತ್ತಿದರು. ಒಬ್ಬ ಇನ್ನೊಬ್ಬನ ಕಿವಿಯಲ್ಲಿ “ನೋಡ್ದಾ, ನಾನು ಹೇಳಿರ್ಲಿಲ್ವಾ?” ಎಂದದ್ದು ವರ್ಲೀನಳಿಗೆ ಕೇಳಿಸಿತು. ಬಿಸಿಲು ಸುಡುತ್ತಿತ್ತು. ಒಬ್ಬ ನೀರು ಕೇಳಿದ. ಅವಳು ದೊಡ್ಡ ಲೋಟದ ತುಂಬ ಕೊಟ್ಟಳು. ಅವನು ಎರಡು ಗುಟುಕು ಕುಡಿದು, ಉಳಿದದ್ದನ್ನು ಗುಲಾಬಿ ಗಿಡಕ್ಕೂ ಅಲ್ಲ, ಸುಮ್ಮನೆ ನೆಲಕ್ಕೆ ಚೆಲ್ಲಿ ಲೋಟ ವಾಪಸು ಕೊಟ್ಟ.

“ಥ್ಯಾಂಕ್ಸ್ ಮೇಡಂ.”

ವರ್ಲೀನ್ ನೆಲ ಆ ನೀರನ್ನು ಹೀರುವ ತನಕ ನೋಡುತ್ತಾ ನಿಂತಿದ್ದಳು. ಅವಳ ಹೆಗಲು ಧಗಧಗ ಉರಿಯಿತು.

ಎಣಿಕೆ ಮುಗಿಯಿತು. ಏಳು ನೂರ ಹತ್ತು! ನಗರದ ಕಚೇರಿಯಲ್ಲಿ ಹಬ್ಬವೋ ಹಬ್ಬ. ನಲವತ್ತು ಮನೆಯಲ್ಲಿ ಏಳು ನೂರು ಜನ ಹೇಗಿರುತ್ತಾರೆಂದು ಕೇಳುವ ಒಬ್ಬ ಪುಣ್ಯಾತ್ಮನೂ ಅಲ್ಲಿರಲಿಲ್ಲ. ಕೇಳುವುದೇಕೆ? ಬಡವರು, ಅದರಲ್ಲೂ ಕಪ್ಪು ಜನ, ಒಂದು ಮನೆಯಲ್ಲಿ ಮೂವತ್ತು ಮಂದಿ ಇರದೆ ಮತ್ತೆಷ್ಟಿರುತ್ತಾರೆ! ಮೇಯರ್ ಕ್ರೀಡಾಂಗಣದ ಕಂಪನಿಗೆ ಫೋನ್ ಮಾಡಿ ಬಾಯಿತುಂಬ ಹೇಳಿದ. ಹೆದ್ದಾರಿಯಲ್ಲಿ ಹೊಸ ಬೋರ್ಡು ನೆಟ್ಟರು. ‘ಹಾಲ್‌ಸ್ಟನ್. ಜನಸಂಖ್ಯೆ 1,00,580.’ ಅದಕ್ಕೆ ಬಟ್ಟೆ ಮುಚ್ಚಿ ಬಿಟ್ಟರು. ಉಳಿದದ್ದು ಒಂದೇ ಶಾಸ್ತ್ರ. ಅಲ್ಲಿನವರು ಒಪ್ಪದೆ ಊರನ್ನು ಸೇರಿಸಿಕೊಳ್ಳುವ ಹಾಗಿಲ್ಲ. ಒಪ್ಪದೆ ಎಲ್ಲಿ ಹೋಗುತ್ತಾರೆ? ನಗರಕ್ಕೆ ಬನ್ನಿ ಎಂದರೆ ಓಡಿ ಬರುತ್ತಾರೆ.

ತಿಂಗಳ ಕೊನೆಯ ಭಾನುವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮೇಯರನ ಸವಾರಿ ಚರ್ಚಿನ ಅಂಗಳಕ್ಕೆ ಬಂತು. ಜೊತೆಗೆ ಬ್ರಿನ್, ಡೆಲ್ಗಾಡೊ ಎಂಬ ಪೊಲೀಸಿನವನು, ಮಂಚದಷ್ಟು ದೊಡ್ಡ ಕೇಕು. ಕೇಕಿನ ಮೇಲೆ ಸಕ್ಕರೆಯಲ್ಲಿ ‘ಮನೆಗೆ ಸ್ವಾಗತ’ ಎಂದು ಬರೆದಿತ್ತು. ನೂರೈವತ್ತು ವರ್ಷದಿಂದ ಅಲ್ಲೇ ಇದ್ದವರಿಗೆ ನಿನ್ನೆ ಮೊನ್ನೆ ಹುಟ್ಟಿದ ನಗರ ಮನೆಗೆ ಸ್ವಾಗತ ಕೋರಿತು. ಹಿಂದೆ ಒಂದು ವ್ಯಾನಿನ ತುಂಬ ನೀರಿನ ಬಾಟಲಿ. ಗೇಣುದ್ದದ ಪುಟ್ಟ ಬಾಟಲಿಗಳು. ಪ್ರತಿಯೊಂದರ ಮೇಲೂ ನಗರದ ಮುದ್ರೆ.

“ತಲೆಗೊಂದು,” ಎಂದಳು ಬ್ರಿನ್, ನಗುತ್ತಾ ಹಂಚುತ್ತಾ.

ಹಂಚಿ ಮುಗಿಯಿತು. ವ್ಯಾನು ಇನ್ನೂ ತುಂಬಿಯೇ ಇತ್ತು. ಮೇಯರ್ ಅಂಗಳದ ಉದ್ದಕ್ಕೂ ಕಣ್ಣು ಹಾಯಿಸಿದ.

“ಉಳಿದವರು ಯಾವಾಗ ಬರ್ತಾರೆ?”

ಚರ್ಚಿನ ಹಿರಿಯ ಡೀಕನ್ ಬ್ರಾಡ್ನ್ಯಾಕ್ಸ್ ಟೈ ಸರಿಮಾಡಿಕೊಂಡ. “ಯಾವ ಉಳಿದವ್ರು ಸ್ವಾಮಿ?”

“ಇನ್ನೂ ಐನೂರ ಎಪ್ಪತ್ತು ಜನ ಇದಾರಲ್ಲ.”

ಡೀಕನ್‌ಗೆ ಆಗ ಹೊಳೆಯಿತು. “ಓ, ಅವ್ರಾ? ಮುಂದಿನ ಆಗಸ್ಟಿಗೆ ಬರ್ತಾರೆ.”

ಜನ ಬಿದ್ದು ಬಿದ್ದು ನಕ್ಕರು. ಬ್ರಿನ್‌ಳ ಮುಖ ಸುಣ್ಣವಾಯಿತು. “ನಮ್ಮವರು ಕಣ್ಣಾರೆ ನೋಡಿದಾರೆ. ಒಂದೊಂದು ಮನೇಲಿ ಮೂವತ್ತು ಮೂವತ್ತು ಜನ.”

“ನೆಂಟ್ರು ಕಣಮ್ಮಾ, ನೆಂಟ್ರು,” ಎಂದಳು ವರ್ಲೀನ್. “ನಿಮ್ಮನೇಗೆ ಯಾರೂ ನೆಂಟ್ರು ಬರಲ್ವಾ?”

“ಅಲ್ಲ, ನೀವೆಲ್ಲ ಹಾಗೇ ಇರ್ತೀರೇನೋ ಅಂದ್ಕೊಂಡು...”

“ಹಾಗೇ ಅಂದ್ರೆ ಹೆಂಗೆ?”

ಬ್ರಿನ್ ಹೋಗಿ ಉಳಿದ ಬಾಟಲಿಗಳನ್ನು ಲೆಕ್ಕಮಾಡಿ, ವ್ಯಾನಿನ ಬಾಗಿಲು ಎಳೆದು ಬೀಗ ಹಾಕಿದಳು. ಐನೂರ ಎಪ್ಪತ್ತು ಬಾಟಲಿ ನೀರು ಬಂದ ದಾರಿಯಲ್ಲೇ ವಾಪಸು ಹೋಗುವುದಕ್ಕೆ ಸಿದ್ಧವಾಯಿತು. ಬಿಸಿಲಿನಲ್ಲಿ ನಿಂತ ಮಕ್ಕಳು ಆ ವ್ಯಾನನ್ನೇ ನೋಡುತ್ತಿದ್ದವು.

ಮೇಯರ್ ಮಾತ್ರ ಧೃತಿಗೆಡಲಿಲ್ಲ. ರಾಜಕೀಯದವನು. ತುಟಿ ಅಲುಗಾಡಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನೂರ ಮೂವತ್ತು ಸಾಕಿತ್ತು. ಇವರೇ ನೂರ ನಲವತ್ತು. ಬೋರ್ಡಿನ ಅಂಕಿ ತಿದ್ದಿದರಾಯಿತು. ಅವನ ಮುಖದಲ್ಲಿ ಮತ್ತೆ ನಗು ಅರಳಿತು.

“ನೋಡಿ, ನಿಮ್ಮಲ್ಲಿ ಒಬ್ಬೊಬ್ಬರೂ ನಮಗೆ ಮುಖ್ಯ,” ಎಂದ. ಅವನ ಬಾಯಿಂದ ಇಂಥ ನಿಜ ಅಪರೂಪಕ್ಕೆ ಬರುತ್ತಿತ್ತು. “ಸೇರಿದ ಕೂಡಲೇ ಬೀದಿದೀಪ ಹಾಕಿಸ್ತೀವಿ. ಆಂಬುಲೆನ್ಸ್ ಬರುತ್ತೆ. ಲೈಬ್ರರಿ ಕಾರ್ಡ್ ಕೊಡ್ತೀವಿ. ಕೋಳಿ ಸಾಕೋ ಹಾಗಿಲ್ಲ, ಹುಲ್ಲು ಉದ್ದ ಬೆಳೆಸೋ ಹಾಗಿಲ್ಲ, ಅಷ್ಟೇ. ಎಲ್ಲ ನಗರದ ನಿಯಮ.”

“ನೀರು?” ಎಂದಳು ವರ್ಲೀನ್.

“ಖಂಡಿತ. ಮೂರನೇ ಹಂತದಲ್ಲಿದೆ.”

“ಒಂದನೇ ಹಂತ ಯಾವಾಗ?”

“ಕ್ರೀಡಾಂಗಣ ಆದ್ಮೇಲೆ ಶುರು ಮಾಡ್ತೀವಿ, ಮಿಸ್ ವರ್ಲೀನ್.”

“ಇದೇ ಅಂಗಳದ ಕೆಳಗೆ ಪೈಪಿದೆ. ಒಂದು ನಲ್ಲಿ ಕೂರ್ಸೋಕೆ ಮೂರು ಹಂತ ಬೇಕಾ?”

“ಅದು ಹೆರಿಟೇಜ್ ಮೆಡೋಸ್‌ದು. ಅದರಲ್ಲಿ ಕೈ ಹಾಕಿದ್ರೆ ಅಲ್ಲಿ ಪ್ರೆಷರ್ ಕಡಿಮೆ ಆಗುತ್ತೆ. ಈಜುಕೊಳಗಳಿವೆ, ನಿಮಗೆ ಗೊತ್ತಲ್ಲ.” ಅವನು ಕೈಜೋಡಿಸಿದ. “ಈಗ ಒಪ್ಪಿಗೆ ಇರೋರು ದಯವಿಟ್ಟು ಕೈ ಎತ್ತಿ.”

ಎಲ್ಲರಿಗಿಂತ ಮೊದಲು ಎದ್ದದ್ದು ಡೀಕನ್‌ನ ಕೈ. ಹಿರಿಯನ ಕೈ ನೋಡಿ ಹಿಂದೆ ಇನ್ನಷ್ಟು ಕೈ ಎದ್ದವು. ಬ್ರಿನ್ ಬೆರಳು ಮಾಡಿ ಎಣಿಸತೊಡಗಿದಳು.

“ಕೈ ಇಳ್ಸು ಡೀಕನ್.”

“ಸಿಸ್ಟರ್, ನನ್ ಹೆಂಡ್ತಿ ಇದೇ ಅಂಗಳದಲ್ಲಿ ಆಂಬುಲೆನ್ಸ್ ಕಾಯ್ತಾ ಕಾಯ್ತಾ ಹೋದ್ಲು. ನಿಂಗೂ ಗೊತ್ತು. ಸಿಕ್ಕಿದ್ದು ತಗೊಳ್ಳೋಣ. ಆಮೇಲೆ ಕೇಳೋಣ.”

“ಆಮೇಲೆ ಯಾರನ್ನ ಕೇಳ್ತೀಯ? ಇವತ್ತು ಇವ್ನಿಗೆ ನಮ್ ತಲೆ ಬೇಕು, ಅದಕ್ಕೆ ಕೇಕ್ ತಂದವ್ನೆ. ನಾಳೆ ತಲೆ ಇವನ ಜೇಬಲ್ಲಿ ಇರುತ್ತೆ. ಆಗ ನಿನ್ ಮುಖನಾದ್ರೂ ನೋಡ್ತಾನಾ?”

“ಮಿಸ್ ವರ್ಲೀನ್, ಇದು ಸಂತೋಷದ ದಿನ,” ಎಂದ ಮೇಯರ್. “ಕೇಕ್ ತಗೊಳ್ಳಿ.”

ಅಷ್ಟೇ. ವರ್ಲೀನ್ ಕೈಯಲ್ಲಿದ್ದ ಪುಟ್ಟ ಬಾಟಲಿಯನ್ನು ಕೇಕಿನ ನಡುವೆ ನೆಟ್ಟಳು. ಬೆನ್ನು ತಿರುಗಿಸಿ ಚರ್ಚಿನ ಹಿಂದಿನ ಶೆಡ್ಡಿಗೆ ಹೋದಳು. ಗೋರಿ ತೋಡುವ ಸಲಿಕೆ ಹಿಡಿದು ಬಂದಳು. ಭಾನುವಾರದ ಹ್ಯಾಟು ಬಿಚ್ಚಿ, ಗಾಲಿ ಕುರ್ಚಿಯಲ್ಲಿ ಕೂತಿದ್ದ ತಾಯಿಯ ತೊಡೆಯ ಮೇಲಿಟ್ಟಳು. ‘ಅಗೆಯಬಾರದು’ ಎಂಬ ಬೋರ್ಡಿನ ಬುಡಕ್ಕೆ ಸಲಿಕೆ ಹೊಡೆದಳು.

ಆಗಸ್ಟ್‌ನ ಕರಿಮಣ್ಣು ಕಲ್ಲಿನ ಹಾಗಿತ್ತು. ಮೊದಲ ಏಟಿಗೆ ಸಲಿಕೆ ಹಿಮ್ಮೆಟ್ಟಿತು. ಹೆಗಲು ಕಟಕ್ಕೆಂದಿತು. ಮತ್ತೆ ಹೊಡೆದಳು. ಅಂಗೈಯ ಮಾಯದ ಚರ್ಮ ಕಿತ್ತುಬಂತು. ಒಂದು ಹೆಂಟೆ ಎದ್ದಿತು.

“ಏನ್ ಮಾಡ್ತಿದೀರಿ?” ಮೇಯರ್ ಕಿರುಚಿದ. “ಡೆಲ್ಗಾಡೊ, ಆ ಹೆಂಗಸನ್ನ ಹಿಡ್ಕೊಳ್ಳಯ್ಯ!”

ಡೆಲ್ಗಾಡೊ ರಸ್ತೆ ಬದಿಯ ಗಡಿಕಂಬ ನೋಡಿದ. ಮೇಯರನ ಮುಖ ನೋಡಿದ. ತಲೆ ಕೆರೆದುಕೊಂಡ. “ಸರ್, ನನ್ನ ಸರಹದ್ದು ಆ ಕಂಬದ ತನಕ. ಇದು ನಮ್ಮ ಊರಲ್ಲ.”

“ಏನಂದೆ?”

“ಈಯಮ್ಮನ ಮನೇಲಿ ಕಳ್ಳತನ ಆದಾಗ ಫೋನ್ ಮಾಡಿದ್ರು ಸರ್. ಆಗ್ಲೂ ನಾವು ಹಿಂಗೇ ಹೇಳಿದ್ವಿ. ನಿಮ್ಮ ಆರ್ಡರೇ.”

“ಹಾಗಾದ್ರೆ ನಗರದಾಚೆ ನೋಡ್ಕೊಳ್ಳೋ ಕೌಂಟಿ ಷೆರೀಫನ್ನ ಕರಿ!”

“ಕರೀತೀನಿ ಸರ್. ಅವ್ರು ಇಲ್ಲಿಗೆ ಬರೋದು ಯಾವಾಗ ಅಂತ ಡೀಕನ್‌ನ ಕೇಳಿ. ಅವ್ರಿಗೆ ಗೊತ್ತು.”

ಯಾರೂ ನಗಲಿಲ್ಲ. ಡೀಕನ್ ಬ್ರಾಡ್ನ್ಯಾಕ್ಸ್‌ನ ಕೈ ಇನ್ನೂ ಮೇಲೇ ಇತ್ತು. ಅದನ್ನು ಅವನು ಮೆಲ್ಲಗೆ ಇಳಿಸಿದ. ಕೋಟು ಬಿಚ್ಚಿದ. ಮಡಿಸಿ, ಮೆಟ್ಟಿಲ ಮೇಲಿಟ್ಟು, ಶೆಡ್ಡಿಗೆ ಹೋಗಿ ಪಿಕಾಸಿ ತಂದ. ಎಪ್ಪತ್ತು ದಾಟಿದ ಮುದುಕ. ವರ್ಲೀನಳ ಪಕ್ಕ ನಿಂತು ಕಾಲು ಅಗಲಿಸಿದ.

“ಸರಿ ಸಿಸ್ಟರ್, ಒಂದೀಟು ಆ ಕಡೆ.”

ಆಮೇಲೆ ಎಲ್ಲರೂ ಬಂದರು. ಸಲಿಕೆ ಇದ್ದವರು ಸಲಿಕೆ, ಇಲ್ಲದವರು ಬಾಣಲೆ, ಬಕೀಟು, ಬರಿಗೈ. ರೇಷ್ಮೆಯ ಉಡುಪಿನ ಹೆಂಗಸರು ಮೊಣಕಾಲೂರಿ ಮಣ್ಣು ಬಾಚಿದರು. ಬೆವರು ಹರಿದು ಮುಖಗಳ ಪೌಡರು ಗೀರುಗೀರಾಯಿತು. ಮೇಯರ್ ಗುಂಡಿಯ ಅಂಚಿನಲ್ಲಿ ಅತ್ತಿಂದಿತ್ತ ಓಡಾಡುತ್ತಾ ಕಾನೂನು ಹೇಳಿದ, ಹೆದರಿಸಿದ, ಬೇಡಿಕೊಂಡ. ಯಾರೂ ತಲೆಯೆತ್ತಲಿಲ್ಲ. ಎದೆಯಾಳಕ್ಕೆ ಹೋದಾಗ ಸಲಿಕೆಗೆ ಟಣ್ಣೆಂದು ತಾಗಿತು. ವರ್ಲೀನ್ ಮಣ್ಣು ಸವರಿದಳು. ನೀಲಿ ಪೈಪು. ಅದರ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಒಳಗೆ ನೀರು ಓಡುವುದು ಅಂಗೈಗೆ ತಿಳಿಯಿತು. ಇಷ್ಟು ಹತ್ತಿರ ಇಷ್ಟು ನೀರು! ಅವಳ ಕಣ್ಣು ತುಂಬಿ ಬಂದವು. ಸಂಕಟಕ್ಕಲ್ಲ. ರೋಷಕ್ಕೆ.

“ಈ ನೆಲ ಚರ್ಚಿಂದು,” ಎಂದಳು ಗುಂಡಿಯೊಳಗಿಂದಲೇ. “ಇದನ್ನ ಇಲ್ಲಿ ಹೂಳುವಾಗ ಯಾರನ್ನ ಕೇಳಿದ್ರಿ?”

ಮೇಯರ್ ಬ್ರಿನ್‌ಳ ಮುಖ ನೋಡಿದ. ಬ್ರಿನ್ ತನ್ನ ಬೂಟು ನೋಡಿಕೊಂಡಳು.

“ಕೇಳ್ದೆ ಬಂದಿದ್ದನ್ನ ಎತ್ಕೊಂಡು ಹೋಗಿ. ನಾಳೆ ಬೆಳಿಗ್ಗೆ ಒಳಗೆ ನಮ್ ನೆಲದಿಂದ ಇದು ಹೋಗ್ಬೇಕು. ಇಲ್ಲಾಂದ್ರೆ ಮನೆಮನೆಗೆ ನಲ್ಲಿ ಹಾಕಿ. ನಲ್ಲೀಲಿ ನೀರು ಬಂದ್ಮೇಲೆ ತಲೆ ಎಣಿಸೋಕೆ ಬನ್ನಿ. ಅಲ್ಲೀವರ್ಗೂ ಇಲ್ಲಿ ಒಂದು ತಲೆನೂ ನಿಮ್ದಲ್ಲ.”

“ಅಯ್ಯೋ, ಪೈಪು ಕಿತ್ರೆ ಹೆರಿಟೇಜ್ ಮೆಡೋಸ್ ಗತಿ ಏನು?” ಮೇಯರನ ಗಂಟಲು ನಿಜವಾಗಿಯೂ ಒಡೆದಿತ್ತು. “ನಾಲ್ಕು ಸಾವಿರ ಜನ ಇದಾರೆ ಅಲ್ಲಿ! ಮಕ್ಕಳಿದಾರೆ, ವಯಸ್ಸಾದವರಿದಾರೆ. ನೀರಿಲ್ದೆ ಒಂದೇ ಒಂದು ದಿನ ಹೇಗೆ ಬದುಕ್ತಾರೆ ಅವರು? ನೀವೇ ಹೇಳಿ!”

ಸಲಿಕೆಗಳು ನಿಂತವು. ಮಣ್ಣಾದ ಮುಖಗಳು ಒಂದೊಂದಾಗಿ ಅವನ ಕಡೆ ತಿರುಗಿದವು. ತಾನು ಏನೆಂದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಉತ್ತರಕ್ಕಾಗಿ ಕಾಯುತ್ತಾ ನಿಂತಿದ್ದ.

ಓಲಾ ಮೇ ತೊಡೆಯ ಮೇಲಿದ್ದ ಮಗಳ ಹ್ಯಾಟಿನ ಮೇಲಿನ ಧೂಳು ಕೊಡವಿದಳು.

“ಕಲೀತಾರೆ ಬಿಡಪ್ಪಾ,” ಎಂದಳು. “ನಾವು ಕಲೀಲಿಲ್ವಾ?”

ವರ್ಲೀನ್ ಅಂಗೈಗೆ ಉಗುಳಿಕೊಂಡು ಮತ್ತೆ ಸಲಿಕೆ ಹಿಡಿದಳು. ಪೈಪಿನ ಎಡಮಗ್ಗುಲಲ್ಲಿ ಇನ್ನೂ ತುಂಬಾ ಮಣ್ಣಿತ್ತು.